ಎಲ್ಲಿ ಒತ್ತುತ್ತೆ?

ಏಳು ವರ್ಷದ ಹಿಂದೆ ಒಂದು ಅಭಿಪ್ರಾಯ ಪತ್ರದಲ್ಲಿ ನಾನು ಸುಳ್ಳು ಬರೆದೆ. ಬರೆಯುವಾಗ ಅದು ಸುಳ್ಳೆಂದು ಗೊತ್ತಿರಲಿಲ್ಲ ಎಂದೇ ಇಷ್ಟು ದಿನ ನನಗೆ ನಾನು ಹೇಳಿಕೊಂಡು ಬಂದಿದ್ದೆ. ಈಗ ಯೋಚಿಸಿದರೆ ಅದೂ ಪೂರ್ತಿ ನಿಜವಲ್ಲ.

ನನ್ನ ಸೋದರಮಾವನದು ಕಡೂರಿನ ಹತ್ತಿರದ ಹಳ್ಳಿಯಲ್ಲಿ ಒಂದು ಚಿಲ್ಲರೆ ಅಂಗಡಿ. ಮೊಪೆಡ್ಡಿನಲ್ಲಿ ಅಂಗಡಿಗೆ ಸಾಮಾನು ತರುತ್ತಿದ್ದಾಗ ಲಾರಿ ಗುದ್ದಿ, ಬಲಗಾಲನ್ನು ಮಂಡಿಯಿಂದ ಒಂದು ಗೇಣು ಕೆಳಗೆ ತೆಗೆಯಬೇಕಾಯಿತು. ಒಂದೂವರೆ ವರ್ಷ ಕಂಕುಳಲ್ಲಿ ಊರುಗೋಲು. ಆಮೇಲೆ ಪಕ್ಕದ ಊರಿನ ಕಲ್ಯಾಣ ಮಂಟಪದಲ್ಲಿ ಉಚಿತ ಕೃತಕ ಕಾಲು ಜೋಡಣೆಯ ಶಿಬಿರ ನಡೆಯಿತು. ಬೆಳಿಗ್ಗೆ ಅಳತೆ, ಸಂಜೆ ಕಾಲು. ಮಧ್ಯಾಹ್ನ ಪುಳಿಯೋಗರೆ, ಮೊಸರನ್ನ. ಸಂಜೆ ವೇದಿಕೆಯ ಮೇಲೆ ಒಬ್ಬೊಬ್ಬರನ್ನೇ ಕರೆದು ನಾಲ್ಕು ಹೆಜ್ಜೆ ನಡೆಸಿದರು. ಮಾವ ನಡೆದಾಗ ಜನ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತ್ತು.

ಹೊರಡುವ ಮೊದಲು ಒಂದು ಹಾಳೆ ಕೊಟ್ಟರು. ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ, ನಮ್ಮ ಮನೆಯಲ್ಲಿ ಫಾರಂ ತುಂಬುವ ಕೆಲಸ ಯಾವತ್ತೂ ನನ್ನದೇ. ‘ಕಾಲು ಆರಾಮವಾಗಿದೆಯೇ?’ ಎಂಬ ಪ್ರಶ್ನೆಯ ಮುಂದೆ ಮೂರು ಚೌಕ: ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ. ನಾಲ್ಕನೆಯ ಚೌಕ ಇರಲಿಲ್ಲ. ‘ಹೇಗಿದೆ ಮಾವ?’ ಎಂದೆ. ‘ಚೆನ್ನಾಗಿದೆ ಅಂತ ಬರಿಯಮ್ಮ’ ಎಂದರು. ಹೇಳುವಾಗ ಅವರು ಪ್ಲಾಸ್ಟಿಕ್ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು, ಮೇಲ್ದುಟಿಯ ಮೇಲೆ ಬೆವರಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ಮೊದಲನೆಯ ಚೌಕಕ್ಕೆ ಗುರುತು ಹಾಕಿದೆ. ‘ತುಂಬಾ’ ಎಂಬುದು ನಾನು ಸೇರಿಸಿದ್ದು.

ಹೋದ ವರ್ಷ ಹಬ್ಬಕ್ಕೆ ಮನೆ ಸಾರಿಸುವಾಗ ಅಟ್ಟದ ಮೇಲೆ, ಹಿತ್ತಾಳೆ ಕೊಳಗದ ಪಕ್ಕ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಆ ಕಾಲು ಸಿಕ್ಕಿತು. ಪಾದ ಹೊಸದರ ಹಾಗೆಯೇ ಇತ್ತು. ‘ಒಂದು ತಿಂಗಳು ಹಾಕಿರಬೇಕು ನೋಡು’ ಎಂದರು ಅತ್ತೆ. ‘ಆಮೇಲೆ ಆ ಶಿಬಿರ ಮಾಡಿಸಿದೋರ ಪೈಕಿ ಯಾರಾದ್ರೂ ಈ ಕಡೆ ಬರ್ತಾರೆ ಅಂದ್ರೆ ಮಾತ್ರ ಹಾಕ್ಕೊಂಡು ಕೂತಿರೋರು.’ ಕಾಲು ತೂರಿಸುವ ಭಾಗವನ್ನು ಮಾವ ಬಟ್ಟಲು ಎನ್ನುತ್ತಾರೆ. ಅದರೊಳಗೆ ಕೈ ಹಾಕಿ ನೋಡಿದೆ. ಒಂದು ಕಡೆ, ಮಂಡಿಯ ಹೊರಮಗ್ಗುಲಿಗೆ ಬರುವ ಜಾಗದಲ್ಲಿ, ಅಂಟಿದ್ದ ಬಟ್ಟೆಯ ಎಳೆ, ಒಣಗಿದ ಕಂದು ಕಲೆ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಮಾವ ನಕ್ಕರು. ‘ಪುಕ್ಸಟ್ಟೆ ಕೊಟ್ಟೋರಿಗೆ ಏನಂತ ಹೇಳ್ತೀಯ ಪುಟ್ಟಿ? ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರಾ?’

ನನ್ನ ಪಿಎಚ್‌.ಡಿ.ಯ ವಿಷಯ ಶಬ್ದಪ್ರಮಾಣ. ಅಂದರೆ, ಒಬ್ಬರು ಹೇಳಿದ ಮಾತು ಇನ್ನೊಬ್ಬರಿಗೆ ತಿಳಿವಳಿಕೆಯಾಗುವುದು ಹೇಗೆ, ಯಾರ ಮಾತನ್ನು ಯಾವಾಗ ನಂಬಬೇಕು ಎಂಬ ಪ್ರಶ್ನೆ. ಮೂರು ವರ್ಷದಿಂದ ಅದರ ಮೇಲೆ ಅಧ್ಯಾಯಗಳನ್ನು ಬರೆಯುತ್ತಿದ್ದೇನೆ. ಅಟ್ಟದ ಏಣಿಯ ಮೇಲೆ ನಿಂತು ಆ ಬಟ್ಟಲನ್ನು ಹಿಡಿದಿದ್ದ ಹೊತ್ತಿನಲ್ಲಿ ಆ ಅಧ್ಯಾಯಗಳ ಬಗ್ಗೆ ನನಗೆ ಏನನ್ನಿಸಿತು ಎಂಬುದನ್ನು ಇಲ್ಲಿ ಬರೆಯದಿರುವುದೇ ವಾಸಿ.

ಆ ಸಲ ನನ್ನ ಫೆಲೋಶಿಪ್ಪಿನ ಬಾಕಿ ಎಂಟು ತಿಂಗಳದ್ದು ಒಟ್ಟಿಗೆ ಬಂದಿತ್ತು. ಮಾವನನ್ನು ಬಲವಂತ ಮಾಡಿ ಬೆಂಗಳೂರಿಗೆ ಕರೆತಂದೆ. ಗೆಳತಿಯೊಬ್ಬಳು ಹೇಳಿದ್ದ ಒಂದು ಸಣ್ಣ ವರ್ಕ್‌ಶಾಪ್. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಇವರದು. ಕಾಲು ಮಾಡುವಾಕೆಗೆ ನನಗಿಂತ ಐದಾರು ವರ್ಷ ಹೆಚ್ಚಿರಬಹುದು. ಮಾವ ಪ್ಯಾಂಟಿನ ಕಾಲು ಮಡಿಸಿ ಕೂತರು. ಆಕೆ ನೆಲದ ಮೇಲೆ ಕೂತು, ಉಳಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳಿನಿಂದ ಒಂದೊಂದೇ ಜಾಗ ಒತ್ತಿ ನೋಡತೊಡಗಿದರು. ‘ನೋವಾಗುತ್ತಾ?’ ‘ಇಲ್ಲಮ್ಮ.’ ‘ಇಲ್ಲಿ?’ ‘ಇಲ್ಲಮ್ಮ.’ ‘ಹಳೇ ಕಾಲು ಎಲ್ಲಿ ಒತ್ತುತ್ತಿತ್ತು?’ ‘ಎಲ್ಲೂ ಇಲ್ಲಮ್ಮ, ಚೆನ್ನಾಗೇ ಇತ್ತು.’ ಆಕೆ ಕೈ ನಿಲ್ಲಿಸಿದರು. ‘ಅಂಕಲ್, ಎಲ್ಲೂ ಒತ್ತದೆ ಇದ್ರೆ ಕಾಲು ಕಳಚಿ ಬೀಳುತ್ತೆ. ಒತ್ತಲೇಬೇಕು. ಎಲ್ಲಿ ಅಂತ ಹೇಳಿ.’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೊರಮಗ್ಗುಲು ಮುಟ್ಟಿ ತೋರಿಸಿದರು.

ಕೃತಕ ಕಾಲೆಂದರೆ ನಮ್ಮ ಕಣ್ಣ ಮುಂದೆ ಬರುವುದು ಪಾದ. ಸಿನಿಮಾದಲ್ಲಿ, ಪತ್ರಿಕೆಯ ಚಿತ್ರಗಳಲ್ಲಿ ತೋರಿಸುವುದೂ ಪಾದವನ್ನೇ. ಈಚೆಗೆ ಓಟಗಾರರ ಬಾಗಿದ ಕಾರ್ಬನ್ ಪಟ್ಟಿಗಳು. ಆದರೆ ಒಬ್ಬ ಮನುಷ್ಯ ಆ ಕಾಲನ್ನು ದಿನವೂ ಹಾಕುತ್ತಾನೋ ಅಟ್ಟಕ್ಕೆ ಎಸೆಯುತ್ತಾನೋ ಎಂಬುದು ಬಹುಮಟ್ಟಿಗೆ ಯಾರೂ ನೋಡದ ಭಾಗದಲ್ಲಿ, ಅಂದರೆ ಸಾಕೆಟ್ಟಿನಲ್ಲಿ, ತೀರ್ಮಾನವಾಗುತ್ತದೆ. ಅಲ್ಲಿ ಮೈ ಮುಗಿದು ವಸ್ತು ಶುರುವಾಗುತ್ತದೆ.

ನಮ್ಮ ಅಂಗಾಲು ಭಾರ ಹೊರುವುದಕ್ಕೆಂದೇ ಇರುವಂಥದ್ದು. ಅಲ್ಲಿ ಚರ್ಮ ದಪ್ಪ, ಹಿಮ್ಮಡಿಯ ಅಡಿಯಲ್ಲಿ ಕೊಬ್ಬಿನ ಮೆತ್ತೆ. ಮಂಡಿಯ ಕೆಳಗಿನ ಕಾಲಿಗೆ ಅಂಥ ತಯಾರಿ ಇಲ್ಲ. ಕತ್ತರಿಸಿದ ಮೂಳೆಯ ತುದಿ ಸಾಮಾನ್ಯವಾಗಿ ಭಾರ ತಡೆಯುವುದಿಲ್ಲ. ಆದ್ದರಿಂದ ಇಡೀ ಮೈಯ ಭಾರವನ್ನು, ನಡೆಯುವಾಗ ಅದಕ್ಕಿಂತ ತುಸು ಹೆಚ್ಚನ್ನು, ಅಕ್ಕಪಕ್ಕದ ಮೈ ಹೊರಬೇಕು. ಎಲ್ಲ ಪಕ್ಕಗಳೂ ಒಂದೇ ಥರ ಇಲ್ಲ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿ: ಗಟ್ಟಿಯಾದ ಒಂದು ಸ್ನಾಯುರಜ್ಜು ಸಿಗುತ್ತದೆ, ಎಷ್ಟು ಒತ್ತಿದರೂ ಸಹಿಸುತ್ತದೆ. ಮೂಳೆಯ ಒಳಮಗ್ಗುಲಿನಲ್ಲಿ, ಮಂಡಿಯಿಂದ ಕೆಳಗಿಳಿಯುವ ಅಗಲವಾದ ಇಳಿಜಾರು ಕೂಡ ಸಹಿಸುತ್ತದೆ. ಹಿಂಬದಿಯ ಮೀನಖಂಡ ಮೆತ್ತಗಿದ್ದರೂ ಒತ್ತಡ ತಾಳುತ್ತದೆ. ಹೊರಮಗ್ಗುಲಿನಲ್ಲಿ ಮಂಡಿಯ ಸ್ವಲ್ಪ ಕೆಳಗೆ ಗೋಲಿಯಂಥ ಒಂದು ಮೂಳೆಯ ಗುಬುಟು ಇದೆ. ಅದರ ಬುಡದಲ್ಲಿ ಒಂದು ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಒತ್ತಬಾರದು. ಮುಂದಿನ ಮೂಳೆಯ ಚೂಪು ಅಂಚಿನ ಮೇಲೆ ಒತ್ತಬಾರದು. ತುದಿಯ ಮೇಲೆ ಒತ್ತಬಾರದು. ಮಾವನ ಹಳೆಯ ಬಟ್ಟಲು ಒತ್ತಿದ್ದು ಸರಿಯಾಗಿ ಆ ಗುಬುಟಿನ ಮೇಲೆ.

ಆಕೆ ಕೆಲಸ ಮಾಡಿದ ರೀತಿ ಹೀಗೆ. ಪ್ಲಾಸ್ಟರಿನ ಒದ್ದೆ ಪಟ್ಟಿಯನ್ನು ಕಾಲಿಗೆ ಸುತ್ತಿ, ಒಣಗಿದ ಮೇಲೆ ಚೀಲದ ಹಾಗೆ ಬಿಡಿಸಿಕೊಂಡರು. ಅದರೊಳಗೆ ಮತ್ತೆ ಪ್ಲಾಸ್ಟರ್ ಸುರಿದರೆ ಮಾವನ ಕಾಲಿನ ಬಿಳಿ ಅಚ್ಚು ಬಂತು. ಇದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು. ಆಕೆ ಅರ ಹಿಡಿದು ಅಚ್ಚನ್ನು ಕೆಲವು ಕಡೆ ಉಜ್ಜಿ ತೆಗೆದರು, ಕೆಲವು ಕಡೆ ಹೊಸ ಪ್ಲಾಸ್ಟರ್ ಮೆತ್ತಿದರು. ಉಜ್ಜಿದ ಕಡೆ ಬಟ್ಟಲು ಒಳಕ್ಕೆ ಬಂದು ಕಾಲನ್ನು ಒತ್ತುತ್ತದೆ. ಮೆತ್ತಿದ ಕಡೆ ಹೊರಕ್ಕೆ ಸರಿದು ಜಾಗ ಬಿಡುತ್ತದೆ. ಕಾಲಿನ ತದ್ರೂಪು ಕಾಲಿಗೆ ಹೊಂದುವುದಿಲ್ಲ. ಅನುವಾದ ಮಾಡುವವರಿಗೆ ಈ ಮಾತು ಬೇರೆ ವಿವರಣೆಯಿಲ್ಲದೆ ಅರ್ಥವಾದೀತು.

ತುದಿಯ ವಿಚಾರ ನನಗೆ ತುಂಬ ದಿನ ತಲೆಯಲ್ಲಿ ಉಳಿಯಿತು. ತುದಿಯ ಮೇಲೆ ಭಾರ ಹಾಕಬಾರದು ಎಂದಮೇಲೆ ಅದರ ಕೆಳಗೆ ಖಾಲಿ ಬಿಟ್ಟರಾಯಿತಲ್ಲ? ಹಾಗೆ ಬಿಟ್ಟರೆ ಕಷ್ಟ. ಸುತ್ತಲೂ ಬಿಗಿದು ತುದಿಯನ್ನು ಗಾಳಿಯಲ್ಲಿ ನೇತುಬಿಟ್ಟರೆ ಅಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಚರ್ಮ ಕಪ್ಪಾಗಿ ದಪ್ಪಗಾಗಿ ಒಡೆಯುತ್ತದೆ. ಭಾರ ಹಾಕಬಾರದು, ಆದರೆ ತಾಕಿಕೊಂಡಿರಬೇಕು. ಅದನ್ನು ಪರೀಕ್ಷಿಸಲು ಆಕೆ ಮಕ್ಕಳು ಆಡುವ ಮೆತ್ತನೆ ಬಣ್ಣದ ಮಣ್ಣಿನ ಒಂದು ಸಣ್ಣ ಉಂಡೆಯನ್ನು ಬಟ್ಟಲಿನ ತಳದಲ್ಲಿಟ್ಟು ಮಾವನನ್ನು ನಿಲ್ಲಿಸಿದರು. ಉಂಡೆ ಹಾಗೆಯೇ ಉಳಿದರೆ ಕೆಳಗೆ ಖಾಲಿ ಇದೆ ಎಂದರ್ಥ. ಕಾಗದದಂತೆ ಚಪ್ಪಟೆಯಾದರೆ ಭಾರ ಬೀಳುತ್ತಿದೆ ಎಂದರ್ಥ. ಮೊದಲು ಮಾಡಿದ್ದು ಪಾರದರ್ಶಕ ಪ್ಲಾಸ್ಟಿಕ್ಕಿನ ಪರೀಕ್ಷಾ ಬಟ್ಟಲು. ಒತ್ತಡ ಹೆಚ್ಚಾದ ಕಡೆ ಚರ್ಮ ರಕ್ತವಿಲ್ಲದೆ ಬೆಳ್ಳಗಾಗುವುದು ಹೊರಗಿನಿಂದಲೇ ಕಾಣುತ್ತಿತ್ತು. ಮಾವ ತೋರಿಸಿದ ನೋವಿನ ಜಾಗಕ್ಕೆ ಆಕೆ ಒಂದು ಚುಕ್ಕೆ ಲಿಪ್‌ಸ್ಟಿಕ್ ಹಚ್ಚಿ ಕಾಲು ಹಾಕಿಸಿ ತೆಗೆಸಿದರು. ಬಟ್ಟಲಿನೊಳಗೆ ಕೆಂಪು ಅಂಟಿದ ಜಾಗವನ್ನು ಬಿಸಿ ಮಾಡಿ ತುಸು ಹೊರಕ್ಕೆ ತಳ್ಳಿದರು. ಮಾವನಿಗೆ ನಾಚಿಕೆಯೋ ನಗುವೋ, ‘ಈ ವಯಸ್ಸಲ್ಲಿ ಲಿಪ್‌ಸ್ಟಿಕ್ಕು’ ಎಂದರು. ಅವತ್ತು ಅವರು ನಕ್ಕಿದ್ದು ಅದೊಂದೇ ಸಲ.

ನಾಲ್ಕು ಸಲ ಬರಬೇಕಾಯಿತು. ಪ್ರತಿ ಸಲವೂ ಅದೇ ಪ್ರಶ್ನೆ, ಎಲ್ಲಿ ಒತ್ತುತ್ತೆ?

ವರ್ಕ್‌ಶಾಪಿನಲ್ಲಿ ಕಾಯುತ್ತಾ ಕೂತಾಗ ಇದರ ಚರಿತ್ರೆಯನ್ನು ಒಂದಿಷ್ಟು ಓದಿದೆ. ಮೊದಲು ಮಂಡಿ ಕೆಳಗಿನ ಕಾಲುಗಳಿಗೆ ಮರ ಕೊರೆದ ಬಟ್ಟಲು ಮಾಡಿ, ತೊಡೆಗೆ ಚರ್ಮದ ಪಟ್ಟಾ ಬಿಗಿದು, ಅಕ್ಕಪಕ್ಕ ಲೋಹದ ಕೀಲು ಕೂಡಿಸಿ ಭಾರವನ್ನು ಹಂಚುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಈ ಕುರಿತು ಗಂಭೀರ ಸಂಶೋಧನೆ ನಡೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ರ‍್ಯಾಡ್‌ಕ್ಲಿಫ್ ಮತ್ತು ಜೇಮ್ಸ್ ಫೂರ್ಟ್ 1961ರಲ್ಲಿ ಒಂದು ಕೈಪಿಡಿ ಹೊರತಂದರು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ, ಹೊರಬಲ್ಲ ಇತರ ಜಾಗಗಳ ಮೇಲೆ ಬೇಕೆಂದೇ ಹೆಚ್ಚು ಭಾರ ಹಾಕಿ, ಹೊರಲಾರದ ಜಾಗಗಳನ್ನು ಬಿಡಿಸುವ ಬಟ್ಟಲು ಅದರಲ್ಲಿದೆ. ಆಮೇಲೆ 1980ರ ದಶಕದಲ್ಲಿ ಐಸ್‌ಲ್ಯಾಂಡಿನ ಅಸ್ಸುರ್ ಕ್ರಿಸ್ಟಿನ್ಸನ್ ಸಿಲಿಕೋನಿನ ಲೈನರ್ ತಂದರು. ಕಾಲಿಗೆ ಮೊದಲು ಆ ಮೆತ್ತನೆ ಪದರವನ್ನು ಎರಡನೇ ಚರ್ಮದ ಹಾಗೆ ಸುರುಳಿ ಬಿಡಿಸುತ್ತಾ ಹಾಕಿ, ಮೇಲೆ ಬಟ್ಟಲು. ಮೆತ್ತನೆಯ ಲೈನರ್‌ಗಳು ಬಂದಮೇಲೆ ಒತ್ತಡವನ್ನು ಎಲ್ಲ ಕಡೆಗೂ ಆದಷ್ಟು ಸಮನಾಗಿ ಹರಡುವ ಇನ್ನೊಂದು ಬಗೆಯ ಬಟ್ಟಲು ಬೆಳೆಯಿತು.

ಇಷ್ಟು ಓದಿದ್ದೇ ತಡ, ನನ್ನ ತಲೆ ಅದರ ಹಾಳು ಅಭ್ಯಾಸಕ್ಕೆ ಬಿತ್ತು. ಹೊರಬಲ್ಲವರ ಮೇಲೆ ಹೆಚ್ಚು ಹೊರೆ ಎಂಬ ನ್ಯಾಯ ಒಂದು, ಎಲ್ಲರ ಮೇಲೂ ಸಮ ಹೊರೆ ಎಂಬ ನ್ಯಾಯ ಇನ್ನೊಂದು ಎಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದೆ. ಸೆಮಿನಾರಿನಲ್ಲಿ ಓದಿದರೆ ಖಂಡಿತ ಮೆಚ್ಚುಗೆ ಸಿಗುತ್ತಿತ್ತು. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡ ಅಮೆರಿಕದ ಸಿನಿಮಾ ವಿದ್ವಾಂಸೆ ವಿವಿಯನ್ ಸೋಬ್‌ಚಾಕ್ ಅವರ ಒಂದು ಲೇಖನ ನೆನಪಾಗಿ ಆ ಪುಟಗಳನ್ನು ಹರಿದೆ. ನೆನಪು, ಭಾಷೆ, ಫೋನು ಎಲ್ಲವನ್ನೂ ‘ಕೃತಕ ಅಂಗ’ ಎಂದು ಕರೆಯುವ ನಮ್ಮಂಥ ಸಿದ್ಧಾಂತಿಗಳ ಚಟದ ಬಗ್ಗೆ ಅವರಿಗೆ ತಕರಾರಿದೆ. ರೂಪಕದ ಹಿಂದೆ ಹೋಗುವವರು ನಿಜವಾದ ಕಾಲನ್ನು ಮರೆತುಬಿಡುತ್ತಾರೆ ಎನ್ನುತ್ತಾರೆ. ಎರಡೂ ಬಗೆಯ ಬಟ್ಟಲು ಕೆಲಸ ಮಾಡುತ್ತವೆ. ಯಾವುದು ಯಾರಿಗೆ ಎಂಬುದನ್ನು ಆ ಕಾಲು, ಆ ಚರ್ಮ, ಆ ಊರಿನ ಬಿಸಿಲು, ಆ ಜೇಬು ಹೇಳಬೇಕು. ಮಾವನಿಗೆ ಲೈನರ್ ಹಾಕಿಯೂ ನೋಡಿದರು. ಕಡೂರಿನ ಬೇಸಿಗೆಯಲ್ಲಿ ಬೆವರು ತಾಳಲಾರೆ ಎಂದು ಅವರು ಒಪ್ಪಲಿಲ್ಲ, ಹತ್ತಿಯ ಕಾಲುಚೀಲವೇ ಸಾಕೆಂದರು. ಬಟ್ಟಲೇ ಬೇಡವೆಂಬ ದಾರಿಯೂ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 1990ರಿಂದ ತೊಡೆಯ ಮೂಳೆಯೊಳಗೇ ಟೈಟೇನಿಯಂ ಕೂಡಿಸಿ, ಚರ್ಮದಿಂದ ಹೊರಬಂದ ಅದರ ತುದಿಗೆ ಕೃತಕ ಕಾಲು ಸಿಕ್ಕಿಸುತ್ತಾರೆ. ನೆಲದ ಉಬ್ಬುತಗ್ಗು ಮೂಳೆಯ ಮೂಲಕ ತಿಳಿಯುತ್ತದಂತೆ. ಚರ್ಮ ತೆರೆದ ಜಾಗದಲ್ಲಿ ಸೋಂಕಿನ ಭಯ ಮಾತ್ರ ಸದಾ ಇರುತ್ತದೆ. ನಮ್ಮ ಮಾತು ಅಷ್ಟು ದೂರ ಹೋಗಬೇಕಾಗಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಪಾರದರ್ಶಕ ಬಟ್ಟಲು, ಮಣ್ಣಿನ ಉಂಡೆ, ಲಿಪ್‌ಸ್ಟಿಕ್ಕು ಎಲ್ಲ ಇದ್ದರೂ ಕೊನೆಗೆ ಆಕೆಗೆ ಬೇಕಾಗಿದ್ದದ್ದು ಮಾವನ ಒಂದು ಮಾತು. ಚರ್ಮ ಬೆಳ್ಳಗಾದದ್ದು ಕಣ್ಣಿಗೆ ಕಾಣುತ್ತದೆ, ಆ ಬಿಳುಪು ಸಹಿಸುವಂಥದ್ದೋ ಅಲ್ಲವೋ ಎಂಬುದು ಕಾಣುವುದಿಲ್ಲ. ಎಲೇನ್ ಸ್ಕ್ಯಾರಿ 1985ರ ತಮ್ಮ ಪುಸ್ತಕದಲ್ಲಿ ನೋವಿನ ಈ ವಿಚಿತ್ರವನ್ನು ಗುರುತಿಸುತ್ತಾರೆ. ನೋವು ಅನುಭವಿಸುವವನಿಗೆ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ, ಕೇಳುವವನಿಗೆ ಅದಕ್ಕಿಂತ ಅನುಮಾನದ್ದು ಇನ್ನೊಂದಿಲ್ಲ. ಹೀಗಾಗಿ ನೋವಿನ ವಿಷಯದಲ್ಲಿ ಅನ್ಯಾಯವೆಂದರೆ ಸಾಮಾನ್ಯವಾಗಿ ನಾವು ಯೋಚಿಸುವುದು ಒಂದನ್ನೇ: ಒಬ್ಬ ನೋವು ಎನ್ನುತ್ತಾನೆ, ಉಳಿದವರು ನಂಬುವುದಿಲ್ಲ. ಆಸ್ಪತ್ರೆಯಲ್ಲಿ ಬಡವರ, ಹೆಂಗಸರ ನೋವನ್ನು ‘ಸ್ವಲ್ಪ ಜಾಸ್ತಿ ಮಾಡ್ತಾರೆ’ ಎಂದು ತಳ್ಳಿಹಾಕುವುದು ಈ ಜಾತಿಯದು. ಮಾವನಿಗೆ ಆದದ್ದು ಅದರ ತಿರುವುಮುರುವು. ನಮ್ಮ ಕಡೆಯಿಂದ ಅಪನಂಬಿಕೆಯೇ ಇರಲಿಲ್ಲ. ಚೆನ್ನಾಗಿದೆ ಎಂದರು, ನಾವೆಲ್ಲ ನಂಬಿದೆವು. ಎಷ್ಟು ಸಲೀಸಾಗಿ ನಂಬಿದೆವು!

ನ್ಯಾಯದರ್ಶನದಲ್ಲಿ ಆಪ್ತನ ಮಾತು ಪ್ರಮಾಣ. ಆಪ್ತ ಯಾರು? ವಾತ್ಸ್ಯಾಯನನ ಭಾಷ್ಯದ ಪ್ರಕಾರ ವಿಷಯವನ್ನು ನೇರವಾಗಿ ಕಂಡುಕೊಂಡವನು, ಕಂಡ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಆ ಸಾಲನ್ನು ಓದಿದಾಗೆಲ್ಲ ನನಗೆ ಖುಷಿಯಾಗುತ್ತಿತ್ತು. ಜಾತಿ ಪಾಂಡಿತ್ಯ ನೋಡದೆ ಬಲ್ಲವನ ಮಾತಿಗೆ ಬೆಲೆ ಕೊಟ್ಟನಲ್ಲ ಎಂದು. ನನ್ನ ಪ್ರಬಂಧದ ಎರಡನೇ ಅಧ್ಯಾಯ ನಿಂತಿರುವುದೇ ಅದರ ಮೇಲೆ. ಈಗ ಅದೇ ಲಕ್ಷಣವನ್ನು ಮಾವನಿಗೆ ಹಚ್ಚಿ ನೋಡಿ. ಆ ಬಟ್ಟಲಿನ ವಿಷಯದಲ್ಲಿ ನೇರವಾಗಿ ಬಲ್ಲವರು ಲೋಕದಲ್ಲಿ ಅವರೊಬ್ಬರೇ. ಕಂಡದ್ದನ್ನು ಕಂಡ ಹಾಗೆ ತಿಳಿಸುವ ಇಚ್ಛೆ ಅವರಿಗಿರಲಿಲ್ಲ. ಹಾಗಾದರೆ ಅವರು ಆಪ್ತರಲ್ಲ, ಅವರ ಮಾತು ಪ್ರಮಾಣವಲ್ಲ, ತಪ್ಪು ಅವರದು. ತರ್ಕ ಇಲ್ಲಿಗೆ ಮುಗಿಯುತ್ತದೆ.

ನನಗೆ ಇಲ್ಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ತಿಳಿಸುವ ಇಚ್ಛೆಯನ್ನು ನಾವು ಹೇಳುವವನ ಗುಣವೆಂದು ಎಣಿಸುತ್ತೇವೆ, ಅವನ ಪ್ರಾಮಾಣಿಕತೆಯ ಲೆಕ್ಕಕ್ಕೆ ಬರೆಯುತ್ತೇವೆ. ಕಲ್ಯಾಣ ಮಂಟಪದಲ್ಲಿ ಮಾವನಿಗೆ ಹೇಳುವ ಇಚ್ಛೆ ಹುಟ್ಟಲು ಏನಿತ್ತು? ಕೊಟ್ಟವರು ಎದುರಿಗಿದ್ದರು, ಅವರ ಕೈಯಲ್ಲಿ ಹಾರವಿತ್ತು. ಹೆಂಡತಿ ಅಳುತ್ತಿದ್ದಳು. ಫಾರಮ್ಮಿನಲ್ಲಿ ನಾಲ್ಕನೆಯ ಚೌಕವಿರಲಿಲ್ಲ. ಫಾರಂ ಹಿಡಿದ ಸೊಸೆಗೆ ಬೇಗ ಮುಗಿಸಿ ಕೊನೆಯ ಬಸ್ಸು ಹಿಡಿಯಬೇಕಾಗಿತ್ತು. ಅದೇ ಮನುಷ್ಯ ಬೆಂಗಳೂರಿನಲ್ಲಿ, ಒಂದು ಮಾತಿಗೆ, ಬೆರಳಿಟ್ಟು ತೋರಿಸಿದರು. ಅವರ ಪ್ರಾಮಾಣಿಕತೆ ಈ ನಡುವೆ ಬೆಳೆದಿರಲಿಲ್ಲ. ಆಕೆ ಕೇಳಿದ ರೀತಿಯಲ್ಲಿ ಒಂದು ಒಪ್ಪಿಗೆಯಿತ್ತು: ಒತ್ತುವುದು ಸಹಜ, ಹೇಳಿದರೆ ಯಾರಿಗೂ ಅವಮಾನವಿಲ್ಲ, ನೀವು ಹೇಳದಿದ್ದರೆ ನನ್ನ ಕೆಲಸ ಸಾಗುವುದಿಲ್ಲ. ಆಪ್ತನನ್ನು ಅರ್ಧದಷ್ಟಾದರೂ ಕೇಳುವವರು ಹುಟ್ಟಿಸುತ್ತಾರೆ. ಇದನ್ನು ಪ್ರಬಂಧದಲ್ಲಿ ಹೇಗೆ ಬರೆಯುವುದೋ ತಿಳಿಯದು. ಗೈಡ್‌ಗೆ ಹೇಳಿದರೆ ‘ಆಕರ ಎಲ್ಲಿದೆ?’ ಎನ್ನುತ್ತಾರೆ.

ದಾನ ಮಾಡುವುದು ತಪ್ಪೆಂದು ನಾನು ಹೇಳುತ್ತಿದ್ದೇನೆಯೇ? ಗೆಳೆಯನೊಬ್ಬ ಹಾಗೆಯೇ ಕೇಳಿದ. ಅವನ ವಾದ ಬಲವಾಗಿದೆ, ಅದನ್ನು ಅವನ ಮಾತಿನಲ್ಲೇ ಇಡುತ್ತೇನೆ. ‘ನಿನ್ನ ಮಾವನಿಗೆ ನಾಲ್ಕು ಸಲ ಬಂದು ಹೋಗುವಷ್ಟು ಅನುಕೂಲ ಆಯ್ತು. ಅಷ್ಟು ಹೊತ್ತು ಒಬ್ಬರಿಗೇ ಕೊಟ್ಟರೆ ಉಳಿದ ತೊಂಬತ್ತೊಂಬತ್ತು ಜನ ಊರುಗೋಲಲ್ಲೇ ಸಾಯ್ತಾರೆ. ಅರ್ಧಂಬರ್ಧ ಹೊಂದಿದ ನೂರು ಕಾಲು ದೊಡ್ಡದೋ, ಚೆನ್ನಾಗಿ ಹೊಂದಿದ ಒಂದು ಕಾಲು ದೊಡ್ಡದೋ?’ ಇದಕ್ಕೆ ನನ್ನಲ್ಲಿ ತಕ್ಷಣದ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ನಮ್ಮ ದೇಶದಲ್ಲಿ ಕಾಲು ಕಳೆದುಕೊಂಡ ಬಡವರು ನಡೆದಾಡಿದ್ದರೆ ಅದಕ್ಕೆ ಮುಖ್ಯ ಕಾರಣ ಉಚಿತವಾಗಿ, ಬೇಗ, ಹೆಚ್ಚು ಜನಕ್ಕೆ ಕೊಟ್ಟವರೇ.

ಜೈಪುರದ ಕತೆ ಇಲ್ಲಿ ಹೇಳಲೇಬೇಕು. 1960ರ ದಶಕದ ಕೊನೆಯಲ್ಲಿ ಅಲ್ಲಿನ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ವೈದ್ಯ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರಬ್ಬರಿನ ಒಂದು ಪಾದ ಮಾಡಿದರು. ಆ ಮೊದಲು ಸಿಗುತ್ತಿದ್ದ ವಿದೇಶಿ ಮಾದರಿಯ ಕಾಲುಗಳು ಬೂಟು ಹಾಕುವವರಿಗೆ, ಕುರ್ಚಿಯ ಮೇಲೆ ಕೂರುವವರಿಗೆ ಮಾಡಿದವು. ನಮ್ಮವರು ಕುಕ್ಕರಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಿ ಉಣ್ಣಬೇಕು, ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬೇಕು. ಹಾಗಾಗಿ ಕೊಟ್ಟ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಬಳಸದೆ ಬಿಟ್ಟ ಆ ಕಾಲುಗಳನ್ನು ರೋಗಿಗಳ ಅಜ್ಞಾನವೆಂದು ಬರೆದುಕೊಳ್ಳದೆ ದೂರು ಎಂದು ಓದಿಕೊಂಡದ್ದು ಅವರ ದೊಡ್ಡತನ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು; ಮಾಸ್ಟರ್‌ಜೀ ಎಂದು ಕರೆಸಿಕೊಳ್ಳುತ್ತಿದ್ದ ಶರ್ಮರ ಹೆಸರು ಹೊರಗೆ ಅಷ್ಟಾಗಿ ಕೇಳಲಿಲ್ಲ. ಅವರು ಮೊದಲು ಅಲ್ಯೂಮಿನಿಯಂ ತಗಡು ಬಡಿದು, ಆಮೇಲೆ ನೀರಿನ ಪೈಪಿಗೆ ಬಳಸುವಂಥ ಪಾಲಿಥೀನನ್ನು ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದು ಬಟ್ಟಲು ಮಾಡುವ ದಾರಿ ತೋರಿದರು. ಅಗ್ಗ, ಬೇಗ. ಇದನ್ನು ಹೀಗಳೆಯುವ ಯೋಗ್ಯತೆ ನನಗಿಲ್ಲ.

ಬೇಗ ಎಂಬುದು ಹಳೆಯ ಆಸೆಯೂ ಹೌದು. ಋಗ್ವೇದದಲ್ಲಿ ವಿಶ್ಪಲಾ ಎಂಬವಳ ಕಾಲು ರಾತ್ರಿಯ ಕಾಳಗದಲ್ಲಿ ತುಂಡಾಗುತ್ತದೆ. ಅಶ್ವಿನೀದೇವತೆಗಳು ಕೂಡಲೇ ಅವಳಿಗೆ ಲೋಹದ ಕಾಲು ಕೊಟ್ಟು ಓಡುವಂತೆ ಮಾಡುತ್ತಾರೆ. ಅವಳು ಹೆಣ್ಣಲ್ಲ, ಹೆಣ್ಣು ಕುದುರೆ ಎನ್ನುವ ವಿದ್ವಾಂಸರೂ ಇದ್ದಾರೆ. ಏನೇ ಇರಲಿ, ಸ್ತುತಿ ಇರುವುದು ಕೊಟ್ಟವರಿಗೆ, ಕೊಟ್ಟ ವೇಗಕ್ಕೆ. ಮಾರನೆಯ ಬೆಳಿಗ್ಗೆ ವಿಶ್ಪಲೆಗೆ ಎಲ್ಲಿ ಒತ್ತಿತು ಎಂದು ಯಾರೂ ಕೇಳಿದ ದಾಖಲೆಯಿಲ್ಲ.

ಗೆಳೆಯನಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ. ಮಾವನ ಶಿಬಿರದಲ್ಲಿ ತಪ್ಪಿದ್ದು ವೇಗದಿಂದಲ್ಲ, ಉಚಿತವಾದ್ದರಿಂದಲೂ ಅಲ್ಲ. ಅಲ್ಲಿ ಎರಡನೇ ತಾರೀಕು ಇರಲಿಲ್ಲ. ಬ್ಯಾನರ್ ಬಿಚ್ಚಿ, ಶಾಮಿಯಾನ ಕಳಚಿ, ವ್ಯಾನು ಹತ್ತಿ ಹೊರಟವರು ತಿರುಗಿ ಬರುವ ದಿನ ಹೇಳಿ ಹೋಗಲಿಲ್ಲ. ಹೊಸ ಚಪ್ಪಲಿ ಕಚ್ಚಿದರೆ ನಾವು ನಾಲ್ಕು ದಿನ ಹಳೆಯದನ್ನು ಹಾಕಿಕೊಂಡು ಕಾಲು ವಾಸಿಮಾಡಿಕೊಳ್ಳುತ್ತೇವೆ. ಮಾವನಿಗೆ ಹಳೆಯದು ಎಲ್ಲಿತ್ತು? ಅಲ್ಲದೆ ಉಳಿದ ಕಾಲು ಒಂದೇ ಅಳತೆಯಲ್ಲಿ ನಿಲ್ಲುವ ವಸ್ತುವೂ ಅಲ್ಲ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಊತ ಇಳಿದು, ಸ್ನಾಯು ಕರಗಿ ಸಣ್ಣಗಾಗುತ್ತಾ ಹೋಗುತ್ತದೆ. ಆಮೇಲೂ ಬೆಳಿಗ್ಗೆ ಒಂದು ಅಳತೆ, ಸಂಜೆ ಇನ್ನೊಂದು. ದಿನವಿಡೀ ಬಟ್ಟಲಿನೊಳಗೆ ಒತ್ತಿಸಿಕೊಂಡ ಕಾಲು ತುಸು ಕುಗ್ಗುತ್ತದೆ, ಬಟ್ಟಲಿನೊಳಗೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಒತ್ತದ ಜಾಗ ಸಂಜೆ ಒತ್ತುತ್ತದೆ. ಆಗ ಒಂದು ಕಾಲುಚೀಲ ಹೆಚ್ಚಿಗೆ ಹಾಕಿಕೊಳ್ಳಬೇಕು. ಇವತ್ತು ನೂರಕ್ಕೆ ನೂರು ಹೊಂದಿದ ಬಟ್ಟಲೂ ಆರು ತಿಂಗಳಿಗೆ ಹೊಂದದೆ ಹೋಗಬಹುದು. ಅಂದಮೇಲೆ ಹೊಂದಿಕೆ ಎನ್ನುವುದು ಆ ವಸ್ತುವಿನೊಳಗೆ ಮಾಡಿಟ್ಟುಬಿಡಬಹುದಾದ ಗುಣವಲ್ಲ. ಹಾಕಿಕೊಂಡವನು ದೂರುತ್ತಿರಬೇಕು, ಮಾಡಿದವರು ತಿದ್ದುತ್ತಿರಬೇಕು. ದೂರುವ ಬಾಗಿಲು ಮುಚ್ಚಿದ ದಿನ ಅದು ಬರೀ ಪ್ಲಾಸ್ಟಿಕ್ಕು.

ನೂರು ಜನರಿಗೆ ಅರ್ಧಂಬರ್ಧ ಕಾಲು ಕೊಟ್ಟು, ತಿಂಗಳು ಬಿಟ್ಟು ಒಂದು ಅರ ಹಿಡಿದು ಅದೇ ಕಲ್ಯಾಣ ಮಂಟಪಕ್ಕೆ ಬಂದು ಕೂರುವುದು ಅಸಾಧ್ಯವೇ? ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಅದರ ಭಾಷೆ ದಾನದ್ದಲ್ಲ, ಹಕ್ಕಿನದು. ಆದರೆ ಹಕ್ಕನ್ನು ಎಣಿಸುವಾಗ ನಾವು ಈಗಲೂ ಕೊಟ್ಟ ಕಾಲುಗಳನ್ನು ಎಣಿಸುತ್ತೇವೆ, ಅಟ್ಟ ಸೇರಿದವನ್ನು ಎಣಿಸುವುದಿಲ್ಲ. ನನ್ನ ಕೈಯಿಂದ ಗುರುತು ಬಿದ್ದ ಆ ಹಾಳೆ ಎಲ್ಲೋ ಒಂದು ವರದಿಯಲ್ಲಿ ‘ತುಂಬಾ ಚೆನ್ನಾಗಿದೆ’ಯ ಲೆಕ್ಕಕ್ಕೆ ಸೇರಿರುತ್ತದೆ. ಅದನ್ನು ನೋಡಿ ಮುಂದಿನ ಶಿಬಿರವೂ ಹಾಗೆಯೇ ನಡೆದಿರುತ್ತದೆ.

ಈಗ ಮಾವ ಅಂಗಡಿಯಲ್ಲಿ ನಿಲ್ಲುತ್ತಾರೆ. ಮೇಲಿನ ಹಲಗ��ಯಿಂದ ಅವರೇ ಸೋಪು ತೆಗೆದುಕೊಡುತ್ತಾರೆ. ಇಡೀ ದಿನ ಹಾಕುವುದಿಲ್ಲ, ಮಧ್ಯಾಹ್ನ ಕಳಚಿ ಗಾಳಿಗಿಡುತ್ತಾರೆ. ಗಿರಾಕಿಗಳ ಮಕ್ಕಳು ಬಂದು ಬಟ್ಟಲಿನೊಳಗೆ ಇಣುಕುತ್ತವೆ. ನಾಲ್ಕು ಗಂಟೆಯ ಮೇಲೆ ಎರಡನೇ ಕಾಲುಚೀಲ. ಇದೆಲ್ಲ ಚೆನ್ನ. ಹೊಸ ತಲೆನೋವೆಂದರೆ ಅವರಿಗೆ ದೂರುವ ಅಭ್ಯಾಸ ಹತ್ತಿಕೊಂಡಿದೆ. ವಾರಕ್ಕೆರಡು ಸಲ ಫೋನು. ಒಮ್ಮೆ ಹಿಂಬದಿ ಅಂಚು ಕೂತಾಗ ಚುಚ್ಚುತ್ತದೆ, ಇನ್ನೊಮ್ಮೆ ನಡೆಯುವಾಗ ಒಳಗೆ ಮೇಲೆ ಕೆಳಗೆ ಜಾರುತ್ತದೆ, ಮತ್ತೊಮ್ಮೆ ಚೀಲದ ಹೊಲಿಗೆ ಸರಿಯಿಲ್ಲ. ಕಾಲಿನಿಂದ ಶುರುವಾದದ್ದು ಅತ್ತೆಯ ಸಾರಿನ ತನಕ ಹೋಗಿದೆಯಂತೆ. ಮೂವತ್ತು ವರ್ಷ ಉಪ್ಪು ಕಮ್ಮಿಯೆಂದು ಬಾಯಿಬಿಡದ ಗಂಡ ಈಗ ದಿನಾ ಒಂದು ಹೇಳುತ್ತಾರೆಂದು ಅತ್ತೆಗೆ ನನ್ನ ಮೇಲೆ ಸಿಟ್ಟು.

ಮೊನ್ನೆ ಲೈಬ್ರರಿಯಲ್ಲಿದ್ದಾಗ ಕರೆ ಬಂತು. ಹೊರಗೆ ಬಂದು ಎತ್ತಿದೆ.

‘ಪುಟ್ಟಿ, ಆ ಹೊರಮಗ್ಗುಲು ಮತ್ತೆ ಒತ್ತಕ್ಕೆ ಶುರುವಾಗಿದೆ ಕಣಮ್ಮ.’

‘ಜಾಸ್ತಿನಾ ಮಾವ?’

‘ಜಾಸ್ತಿ ಏನಿಲ್ಲ. ಆದ್ರೂ ಹೇಳಬೇಕು ಅಂದಿದ್ರಲ್ಲ ಆಯಮ್ಮ. ಗುರುವಾರ ಬರ್ಲಾ ಅಂತ ಕೇಳಿ ನೋಡು.’